ಕ್ವಾಂಟಮ್ ಕಲಿಯಲು ಮೈಂಡ್ ಮ್ಯಾಪ್: ಗೆರೆಯ ಮೇಲೆ ಏನು ಬರೆಯಬೇಕು?

ಹಾಳೆಯ ನಡುವೆ ‘ಕ್ವಾಂಟಮ್ ಭೌತವಿಜ್ಞಾನ’ ಎಂದು ದೊಡ್ಡದಾಗಿ ಬರೆದು, ಸುತ್ತ ಹದಿನೈದು ಗುಳ್ಳೆ ಬಿಡಿಸಿ, ಒಂದೊಂದಕ್ಕೂ ಬಣ್ಣ ಹಚ್ಚಿದ ಮೈಂಡ್ ಮ್ಯಾಪ್‌ಗಳನ್ನು ತುಂಬಾ ನೋಡಿದ್ದೇನೆ. ನೋಡಲು ಚೆಂದ. ಆದರೆ ‘ಈ ಗುಳ್ಳೆಯಿಂದ ಆ ಗುಳ್ಳೆಗೆ ಗೆರೆ ಯಾಕೆ?’ ಎಂದು ಕೇಳಿದರೆ ಬಿಡಿಸಿದವರಿಗೇ ಗೊತ್ತಿರುವುದಿಲ್ಲ. ಪುಸ್ತಕದ ಪರಿವಿಡಿಯನ್ನು ದುಂಡಗೆ ಬರೆದಂತೆ ಆಗಿರುತ್ತದೆ, ಅಷ್ಟೆ.

ಮೊದಲು ದೊಡ್ಡ ಹಾಳೆಯನ್ನು ಅಡ್ಡಡ್ಡ ಇಟ್ಟುಕೊಳ್ಳಿ. ಪೆನ್ಸಿಲ್ ಮತ್ತು ರಬ್ಬರ್ ಸಾಕು.

ನಡುವಿನ ಗುಳ್ಳೆಗೆ ‘ವೇವ್ ಫಂಕ್ಷನ್’ ಎಂದು ಬರೆಯಿರಿ, ಅಂದರೆ ಕಣದ ಸ್ಥಿತಿಯನ್ನು ವಿವರಿಸುವ ಗಣಿತದ ಅಲೆ. ವಿಷಯದ ಹೆಸರು ಅಲ್ಲಿ ಬೇಡ, ಅದರಿಂದ ಯಾವ ಗೆರೆಯೂ ಹೊರಡುವುದಿಲ್ಲ. 1900ರ ಪ್ಲಾಂಕ್, 1905ರ ಐನ್‌ಸ್ಟೈನ್, 1913ರ ಬೋರ್ ಇವರನ್ನೆಲ್ಲ ಹಾಳೆಯ ಕೆಳಗೆ ಒಂದು ಪಟ್ಟಿಯಾಗಿ ಬರೆದಿಡಿ. ಇಸವಿಗಳು ನಡುವೆ ನುಗ್ಗಿದರೆ ಇತಿಹಾಸ ನೆನಪಿರುತ್ತದೆ, ಭೌತವಿಜ್ಞಾನ ಜಾರಿಹೋಗುತ್ತದೆ. ಸುತ್ತ ಐದೇ ಗುಳ್ಳೆ ಇರಲಿ: ಶ್ರೋಡಿಂಗರ್ ಸಮೀಕರಣ, ಸಂಭವನೀಯತೆ, ಅನಿಶ್ಚಿತತೆ (ಕಣದ ಜಾಗ, ಸಂವೇಗ ಎರಡೂ ಒಟ್ಟಿಗೆ ನಿಖರವಾಗಿರಲಾರವು), ಸೂಪರ್‌ಪೊಸಿಷನ್ (ಹಲವು ಸ್ಥಿತಿಗಳು ಬೆರೆತಿರುವುದು), ಎಂಟ್ಯಾಂಗಲ್‌ಮೆಂಟ್ (ಕಣಗಳ ಸ್ಥಿತಿಗಳು ಒಂದಕ್ಕೊಂದು ಹೆಣೆದುಕೊಂಡಿರುವುದು).

ಈಗ ಗೆರೆಗಳು. ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ಅರ್ಧ ಗಂಟೆ ಹೋದರೂ ಪರವಾಗಿಲ್ಲ. ಪ್ರತಿ ಗೆರೆಗೂ ಬಾಣದ ತುದಿ ಹಾಕಿ, ಅದರ ಮೇಲೆ ಕ್ರಿಯಾಪದ ಇರುವ ಒಂದು ಚಿಕ್ಕ ವಾಕ್ಯ ಬರೆಯಿರಿ. ‘ಸಂಬಂಧ ಇದೆ’ ಎಂದು ಬರೆದರೆ ಏನೂ ಬರೆದಂತಲ್ಲ. ಶ್ರೋಡಿಂಗರ್ ಸಮೀಕರಣದಿಂದ ನಡುವಿಗೆ ಬರುವ ಬಾಣದ ಮೇಲೆ ‘ಕಾಲ ಕಳೆದಂತೆ ಹೇಗೆ ಬದಲಾಗುತ್ತದೆ ಎಂದು ಹೇಳುತ್ತದೆ’ ಎಂದಿರಲಿ. ಸಂಭವನೀಯತೆಯ ಕಡೆಗೆ ಹೋಗುವ ಬಾಣಕ್ಕೆ ‘ಅದರ ಗಾತ್ರದ ವರ್ಗ ತೆಗೆದರೆ, ಕಣ ಎಲ್ಲಿ ಸಿಗಬಹುದು ಎಂಬ ಲೆಕ್ಕ ಸಿಗುತ್ತದೆ’ ಎಂದು ಬರೆಯಿರಿ. 1926ರಲ್ಲಿ ಮ್ಯಾಕ್ಸ್ ಬಾರ್ನ್ ಕೊಟ್ಟ ನಿಯಮ ಇದೇ.

ಅನಿಶ್ಚಿತತೆಯ ಗೆರೆ ಅತಿ ಕಷ್ಟದ್ದು. ಹೆಚ್ಚಿನವರು ‘ಅಳೆಯಲು ಹೋದರೆ ಕಣ ಅಲುಗಾಡುತ್ತದೆ’ ಎಂದು ಬರೆದು ಮುಗಿಸುತ್ತಾರೆ. ಈ ತತ್ವ ಕೊಟ್ಟ ಹೈಸೆನ್‌ಬರ್ಗ್ ಕೂಡ 1927ರಲ್ಲಿ ಸೂಕ್ಷ್ಮದರ್ಶಕದ ಉದಾಹರಣೆ ಕೊಟ್ಟೇ ವಿವರಿಸಿದ್ದರು. ಆದರೆ ಬೇರು ಇನ್ನೂ ಆಳದಲ್ಲಿದೆ. ಯಾವುದೇ ಅಲೆಯನ್ನು ಚಿಕ್ಕ ಜಾಗದಲ್ಲಿ ಹಿಡಿದಿಡಬೇಕಾದರೆ ಬೇರೆ ಬೇರೆ ತರಂಗದೂರದ ಅಲೆಗಳನ್ನು ಬೆರೆಸಲೇಬೇಕು. 1924ರಲ್ಲಿ ಡಿ ಬ್ರಾಯ್ ಹೇಳಿದಂತೆ ತರಂಗದೂರ ಎಂದರೆ ಪ್ಲಾಂಕ್ ಸ್ಥಿರಾಂಕವನ್ನು ಸಂವೇಗದಿಂದ ಭಾಗಿಸಿದ್ದು. ತರಂಗದೂರ ಹಲವಾದರೆ ಸಂವೇಗವೂ ಹಲವು, ಅಲ್ವಾ? ಯಾರೂ ಅಳೆಯದಿದ್ದರೂ ಈ ಹರಡುವಿಕೆ ಇದ್ದೇ ಇರುತ್ತದೆ. ಈ ಮೂರು ಹೆಜ್ಜೆಯನ್ನು ಮೂರು ಪುಟ್ಟ ಬಾಣಗಳಾಗಿ ಒಡೆದು ಬರೆಯಿರಿ.

ಸೂಪರ್‌ಪೊಸಿಷನ್ ಮತ್ತು ಎಂಟ್ಯಾಂಗಲ್‌ಮೆಂಟ್ ಒಂದೇ ಗುಳ್ಳೆಗೆ ಬೇಡ. ಮೊದಲನೆಯದಕ್ಕೆ ಒಂದೇ ಕಣ ಸಾಕು. ಎರಡನೆಯದಕ್ಕೆ ಸಾಮಾನ್ಯವಾಗಿ ಎರಡಾದರೂ ಬೇಕು. ಇವೆರಡರ ನಡುವಿನ ಬಾಣದ ಮೇಲೆ ಹೀಗೆ ಬರೆಯಿರಿ: ‘ಎರಡು ಕಣಕ್ಕೂ ಸೇರಿ ಒಂದೇ ವೇವ್ ಫಂಕ್ಷನ್, ಕಣಕ್ಕೊಂದರಂತೆ ಬಿಡಿಸಿ ಬರೆಯಲಾಗದು.’

ಸಿದ್ಧ ಮ್ಯಾಪ್ ಬಿಡಿಸಿಕೊಡುವ ಆ್ಯಪ್‌ಗಳ ಸಹವಾಸ ಬೇಡ. ಗೆರೆಗಳನ್ನು ಅವೇ ಎಳೆದುಬಿಡುತ್ತವೆ. ನೀವು ತಲೆ ಕೆಡಿಸಿಕೊಳ್ಳಬೇಕಾದ ಕೆಲಸವೇ ಅದು. ಮುದ್ರಿಸಿದ ಬಣ್ಣದ ಚಾರ್ಟ್‌ಗಳೂ ಅಷ್ಟೆ, ಗೋಡೆಗೆ ಚೆಂದ.

ಇನ್ನೊಂದು ಮಾತು. ಅಳೆದಾಗ ಒಂದೇ ಉತ್ತರ ಯಾಕೆ ಸಿಗುತ್ತದೆ ಎಂಬುದಕ್ಕೆ ಇಂದಿಗೂ ಒಮ್ಮತವಿಲ್ಲ. ಅಳೆದಾಗ ವೇವ್ ಫಂಕ್ಷನ್ ಒಂದೇ ಉತ್ತರಕ್ಕೆ ಕುಸಿಯುತ್ತದೆ ಎನ್ನುವ ಕೋಪನ್‌ಹೇಗನ್ ವ್ಯಾಖ್ಯಾನ, 1957ರಲ್ಲಿ ಎವರೆಟ್ ಮುಂದಿಟ್ಟ ವಿಚಾರದಿಂದ ಬೆಳೆದ, ಎಲ್ಲ ಉತ್ತರಗಳೂ ಬೇರೆ ಬೇರೆ ಲೋಕಗಳಲ್ಲಿ ನಿಜವಾಗುತ್ತವೆ ಎನ್ನುವ ಬಹುಲೋಕ ವ್ಯಾಖ್ಯಾನ ಇವನ್ನೆಲ್ಲ ಚುಕ್ಕೆ ಗೆರೆಯಲ್ಲಿ ಜೋಡಿಸಿ. ಪ್ರಯೋಗದಲ್ಲಿ ಸಾಬೀತಾದದ್ದು, ವಾದದಲ್ಲಿರುವುದು ಎರಡೂ ಕಣ್ಣಿಗೆ ಬೇರೆಯಾಗಿ ಕಾಣಬೇಕು.

ಮರುದಿನ ಹಳೆಯ ಹಾಳೆ ಮುಚ್ಚಿಟ್ಟು, ಸುಮ್ನೆ ನೆನಪಿನಿಂದಲೇ ಹೊಸದು ಬಿಡಿಸಿ. ಗುಳ್ಳೆಗಳೆಲ್ಲ ಬರುತ್ತವೆ, ಬಿಟ್ಟುಹೋಗುವುದು ಗೆರೆಯ ಮೇಲಿನ ಮಾತುಗಳೇ ಜಾಸ್ತಿ. ಖಾಲಿ ಉಳಿದ ಬಾಣಗಳಿಗೆ ಗುರುತು ಹಾಕಿಕೊಂಡು, ಪುಸ್ತಕದಲ್ಲಿ ಆ ಭಾಗವನ್ನಷ್ಟೇ ತೆರೆದು ಓದಿ.