ಮರಿಗಳಿಗೆ ಬಂದಿದ್ದು ಕೊಕ್ಕರೆ ರೋಗ ಅಲ್ಲ, ರಕ್ತಭೇದಿ

ತೀರ್ಥಹಳ್ಳಿ ಕಡೆ ಆರಿದ್ರಾ ಮಳೆ ಹಿಡಿಯಿತು ಅಂದರೆ ಕೋಳಿ ಸಾಕುವವರಿಗೆಲ್ಲ ಕೊಕ್ಕರೆ ರೋಗದ (ರಾಣಿಖೇತ್ ಅನ್ನುವ ವೈರಸ್ ಕಾಯಿಲೆ) ಭಯ. ಒಂದು ಮರಿ ತೂಕಡಿಸಿದರೂ ಸಾಕು, 'ಕೊಕ್ಕರೆ ಬಂತು, ಇರೋದನ್ನೆಲ್ಲ ಕೊಯ್ದುಬಿಡಿ' ಅನ್ನುವವರೇ ಜಾಸ್ತಿ. ಕಳೆದ ಮಳೆಗಾಲದಲ್ಲಿ ನಮ್ಮ ನಾಟಿ ಮರಿಗಳು ರೆಕ್ಕೆ ಇಳಿಬಿಟ್ಟು ಮೂಲೆ ಸೇರಿದಾಗ ಅಕ್ಕಪಕ್ಕದವರು ಹೇಳಿದ್ದೂ ಅದನ್ನೇ. ನನಗೆ ಹಾಗನ್ನಿಸಲಿಲ್ಲ.

ಕೊಕ್ಕರೆ ರೋಗಕ್ಕೆ ದೊಡ್ಡದು ಚಿಕ್ಕದು ಅಂತ ಇಲ್ಲ. ಹೇಂಟೆ, ಹುಂಜ ಎಲ್ಲವೂ ಬಾಯಿ ತೆರೆದು ಉಸಿರೆಳೆಯುತ್ತವೆ, ಹಸಿರು ಭೇದಿ ಮಾಡುತ್ತವೆ, ಕೆಲವು ಕತ್ತು ತಿರುಚಿಕೊಂಡು ಬೀಳುತ್ತವೆ. ನಮ್ಮ ಹೇಂಟೆಗಳು ಆರಾಮಾಗಿ ಕೆದಕುತ್ತಿದ್ದವು. ಮಂಕಾಗಿದ್ದು ತಿಂಗಳ ಆಸುಪಾಸಿನ ಮರಿಗಳು ಮಾತ್ರ, ಅವುಗಳ ಉಸಿರಾಟವೂ ಸರಿಯಿತ್ತು. ಇದನ್ನು ಗುರುತಿಸೋದು ಯಾಕೆ ಮುಖ್ಯ ಅಂದರೆ, ಕೊಕ್ಕರೆಗೆ ಮೊದಲೇ ಹಾಕಿಸುವ ಲಸಿಕೆ ಬಿಟ್ಟರೆ ಔಷಧವೇ ಇಲ್ಲ. ಬೇರೆ ಕಾಯಿಲೆ ಆಗಿದ್ದರೆ ಮರಿಗಳನ್ನು ಉಳಿಸಿಕೊಳ್ಳಬಹುದು.

ಸಂಜೆ ಗೂಡಿನಲ್ಲಿ ಹಳೇ ಪೇಪರ್ ಹಾಸಿದೆ. ಉಮಿ ಮೇಲೆ ಬಿದ್ದ ಹಿಕ್ಕೆಯ ಬಣ್ಣ ಗೊತ್ತಾಗೋದಿಲ್ಲ, ಅಲ್ವಾ? ಬೆಳಿಗ್ಗೆ ನೋಡಿದರೆ ಕಂದು ಲೋಳೆಯ ನಡುವೆ ಹಸಿ ರಕ್ತ. ಕೆಲವು ಮರಿಗಳ ಹಿಂದಿನ ಪುಕ್ಕಕ್ಕೂ ಮೆತ್ತಿಕೊಂಡಿತ್ತು. ಬಾಯಿ ಬಿಡಿಸಿದರೆ ಒಳಗೆಲ್ಲ ಬಿಳಿಚಿತ್ತು.

ರಾತ್ರಿ ಸತ್ತಿದ್ದ ಮರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಪಶು ಆಸ್ಪತ್ರೆಗೆ ಒಯ್ದೆ. ಡಾಕ್ಟರು ಕೊಯ್ದು ತೋರಿಸಿದರು. ಕೋಳಿಯ ಕರುಳಿನ ಕೊನೆಯ ಭಾಗದಲ್ಲಿ ಎರಡು ಕುರುಡು ಕರುಳು ಇರುತ್ತವೆ. ಎರಡೂ ಊದಿ ಕಪ್ಪುಗೆಂಪಾಗಿದ್ದವು, ಕತ್ತರಿ ತಾಗಿಸಿದರೆ ಒಳಗೆ ಹೆಪ್ಪುಗಟ್ಟಿದ ರಕ್ತ. ಇದು ಕಾಕ್ಸಿಡಿಯೋಸಿಸ್, ಅಂದರೆ ರಕ್ತಭೇದಿ. ಐಮೇರಿಯಾ ಅನ್ನುವ ಕಣ್ಣಿಗೆ ಕಾಣದ ಜೀವಿ ಕರುಳಿನ ಗೋಡೆ ಹೊಕ್ಕು ಬೆಳೆಯುತ್ತದೆ. ಹಿಕ್ಕೆಯಲ್ಲಿ ಹೊರಬಿದ್ದ ಅದರ ಮೊಟ್ಟೆಗಳಿಗೆ ತೇವ, ಬಿಸುಪು ಸಿಕ್ಕರೆ ಒಂದೆರಡು ದಿನದಲ್ಲೇ ಇನ್ನೊಂದು ಮರಿಗೆ ಹತ್ತುವಷ್ಟು ಬಲಿಯುತ್ತವೆ. ನಮ್ಮ ಮಳೆಗಾಲದ ಗೂಡಿನಲ್ಲಿ ತೇವಕ್ಕೇನು ಬರ?

ಸತ್ತ ಕೋಳಿಯನ್ನು ಮನೆಯಲ್ಲೇ ಕೊಯ್ದು ನೋಡೋಕೆ ಹೋಗಬೇಡಿ. ದೊಡ್ಡವೂ ಸೇರಿ ಒಮ್ಮೆಲೇ ಸಾಯುತ್ತಿದ್ದರೆ ಹಕ್ಕಿಜ್ವರವೂ ಇರಬಹುದು. ಆಗ ಮುಟ್ಟದೆ, ಎಲ್ಲಿಗೂ ಒಯ್ಯದೆ, ಮೊದಲು ಆಸ್ಪತ್ರೆಗೆ ಫೋನ್ ಮಾಡಿ.

ಡಾಕ್ಟರು ಆಂಪ್ರೋಲಿಯಂ ಬರೆದುಕೊಟ್ಟರು. ಶೇಕಡ 20ರ ಪುಡಿ, ಲೀಟರ್ ನೀರಿಗೆ 1.2 ಗ್ರಾಂ, 5 ದಿನ. ಆಮೇಲೆ ಅದರ ಕಾಲು ಭಾಗ ಇನ್ನೊಂದು ವಾರ. ಪುಡಿಯ ಬಲ ಬೇರೆಯಾದರೆ ಅಳತೆಯೂ ಬೇರೆ, ಡಾಕ್ಟರನ್ನು ಕೇಳಿಯೇ ಕೊಡಿ. ಇನ್ನೊಂದು ಮಾತು: ಈ ಔಷಧದ ರಚನೆ ಬಿ1 ವಿಟಮಿನ್ನನ್ನೇ ಹೋಲುತ್ತದೆ. ಆ ವಿಟಮಿನ್ ಐಮೇರಿಯಾಕ್ಕೆ ಸಿಗದ ಹಾಗೆ ಮಾಡೋದೇ ಇದರ ಕೆಲಸ. ಮರಿಗೆ ಶಕ್ತಿ ಬರಲಿ ಅಂತ ಅದೇ ನೀರಿಗೆ ಬಿ-ಕಾಂಪ್ಲೆಕ್ಸ್ ಬೆರೆಸಿದರೆ ಔಷಧ ಸುಮ್ನೆ ದಂಡ.

ಕಷ್ಟ ಆಗಿದ್ದು ಕುಡಿಸೋದು. ಮಳೆಗಾಲದಲ್ಲಿ ಹೊರಗೆ ಬಿಟ್ಟರೆ ಅಂಗಳದ ಗುಂಡಿ, ಹಂಚಿನ ನೀರು ಎಲ್ಲ ಕಡೆ ನೀರೇ. ಕಹಿ ನೀರು ಯಾರಿಗೆ ಬೇಕು? ಅದಕ್ಕೇ ಔಷಧ ಮುಗಿಯುವವರೆಗೆ ಮರಿಗಳನ್ನು ಒಳಗೇ ಕೂಡಿಹಾಕಿ, ಔಷಧದ ನೀರು ಬಿಟ್ಟು ಬೇರೆ ನೀರು ಇಡಲಿಲ್ಲ. ದಿನಾ ಹೊಸದಾಗಿ ಕಲಸುತ್ತಿದ್ದೆ. ಎದ್ದು ಕುಡಿಯಲಾಗದವಕ್ಕೆ ಕೊಕ್ಕಿನ ಬದಿಯಿಂದ ಸಿರಿಂಜಿನಲ್ಲಿ ಹನಿಹನಿಯಾಗಿ ಬಿಟ್ಟೆ. ಜೋರಾಗಿ ಒತ್ತಿದರೆ ಶ್ವಾಸಕ್ಕೆ ಹೋಗುತ್ತದೆ, ಜೋಪಾನ.

ಗೂಡಿನ ಒದ್ದೆ ಉಮಿಯನ್ನೆಲ್ಲ ಕೆರೆದು ದೂರ ಹಾಕಿದೆ. ಫಿನಾಯಿಲ್ ಸುರಿದರೆ ಈ ಮೊಟ್ಟೆಗಳು ಸಾಯೋದಿಲ್ಲ, ಜಾಗ ಒಣಗಿಸಲೇಬೇಕು. ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗೆ ಒಣಗಿದ್ದ ಉಮಿ ಹರಡಿ, ಒಂದು ಬಲ್ಬ್ ಇಳಿಬಿಟ್ಟೆ. ಹಿಕ್ಕೆ ಬೀಳದ ಹಾಗೆ ನೀರಿನ ಬಟ್ಟಲನ್ನು ಇಟ್ಟಿಗೆ ಮೇಲೇರಿಸಿದೆ. ತೀರಾ ಸೊರಗಿದ ಕೆಲವು ಹೋದವು. ಉಳಿದವು ಔಷಧದ ಮೊದಲ ಸುತ್ತು ಮುಗಿಯುವ ಹೊತ್ತಿಗೆ ನುಚ್ಚಿಗೆ ಮುಗಿಬೀಳತೊಡಗಿದವು.

ಗೆದ್ದ ಮರಿಗಳಿಗೆ ಅದೇ ಜಾತಿಯ ಐಮೇರಿಯಾವನ್ನು ತಡೆಯುವ ಶಕ್ತಿ ಬರುತ್ತದೆ. ಆದರೆ ಆರೋಗ್ಯವಾಗಿ ಕಾಣುವ ದೊಡ್ಡ ಕೋಳಿಗಳ ಹಿಕ್ಕೆಯಲ್ಲೂ ಅದರ ಮೊಟ್ಟೆ ಇರಬಹುದು. ಹಾಗಾಗಿ ಈಗ ಮರಿಗಳ ಗೂಡಿಗೆ ನೆಲದಿಂದ ಮೊಣಕಾಲೆತ್ತರಕ್ಕೆ ಅಡಿಕೆ ದಬ್ಬೆ ಜೋಡಿಸಿದ್ದೇನೆ. ದಬ್ಬೆಗಳ ಸಂದಿನಿಂದ ಹಿಕ್ಕೆ ಕೆಳಗೆ ಬೀಳುತ್ತದೆ, ಮರಿಯ ಕಾಲು ಮಾತ್ರ ಸಿಕ್ಕಿಕೊಳ್ಳಬಾರದು, ಸಂದು ಅಷ್ಟೇ ಇರಲಿ. ಕೆಳಗೆ ಬಿದ್ದಿದ್ದನ್ನು ದಿನಾ ಬೆಳಿಗ್ಗೆ ಗುಡಿಸಿ ಗೊಬ್ಬರದ ಗುಂಡಿಗೆ ಹಾಕುತ್ತೇನೆ.