ಇಕ್ಕನ ಸ್ಕೂಟರ್ ಬಂದ ಮೇಲೆ ರಾತ್ರಿಯ ಸಾರು

ನಮ್ಮ ಮನೆ ವಿರಾಜಪೇಟೆ ಹತ್ತಿರದ ಕಾಫಿ ತೋಟದೊಳಗೆ. ಸಮುದ್ರ ಘಾಟಿಯ ಕೆಳಗೆ ಎಲ್ಲೋ ಇದೆ. ಆದರೂ ಮೀನಿಲ್ಲದೆ ನಮಗೆ ವಾರ ಕಳೆಯುವುದಿಲ್ಲ. ಕಣ್ಣೂರು, ತಲಶ್ಶೇರಿ ಕಡೆಯಿಂದ ಮಾಕುಟ್ಟದ ಘಾಟಿ ಹತ್ತಿ ನಮಗೆ ಮೀನು ಬರುತ್ತದೆ. ಮಡಿಕೇರಿಯವರಿಗೆ ಮಂಗಳೂರಿನಿಂದ ಸಂಪಾಜೆ ದಾರಿಯಲ್ಲಿ ಬರುತ್ತದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಮೀನು ಮಾರುವ ಇಕ್ಕನ ಸ್ಕೂಟರ್ ಹಾರ್ನ್ ಗೇಟಿನ ಹತ್ತಿರ ಕೇಳುತ್ತದೆ. ಅವರು ಪೆಟ್ಟಿಗೆಯ ಮುಚ್ಚಳ ತೆಗೆಯುವವರೆಗೆ ರಾತ್ರಿ ಊಟಕ್ಕೆ ಏನು ಅಂತ ನನಗೆ ಗೊತ್ತಿರುವುದಿಲ್ಲ.

ಮದುವೆಯಾದ ಹೊಸದರಲ್ಲಿ ಹೀಗಿರಲಿಲ್ಲ. ಹಿಂದಿನ ರಾತ್ರಿಯೇ ಅಂಜಲ್ ಫ್ರೈ ಅಂತ ಯೋಚಿಸಿಟ್ಟು, ಮಸಾಲೆ ರುಬ್ಬಿಟ್ಟು ಕಾಯುತ್ತಿದ್ದೆ. ಅಂಜಲ್ ಸ್ವಲ್ಪ ಬಾಡಿದ್ದರೂ ಅದನ್ನೇ ತೆಗೆದುಕೊಳ್ಳುತ್ತಿದ್ದೆ. ಪಕ್ಕದಲ್ಲೇ ಬಂಗುಡೆ ಫಳಫಳ ಹೊಳೆಯುತ್ತಿದ್ದರೂ ಕಣ್ಣು ಆ ಕಡೆ ಹೋಗುತ್ತಿರಲಿಲ್ಲ. ಒಂದು ದಿನ ಅತ್ತೆ ನನ್ನ ಪಕ್ಕ ಬಂದು ನಿಂತು, "ಅಂಜಲ್ ಉಂಟಾ ಅಂತ ಕೇಳಬೇಡ ಮಗಳೇ. ಇವತ್ತು ಒಳ್ಳೇದು ಯಾವುದು ಬಂತು ಅಂತ ಕೇಳು" ಅಂದರು. ಆಮೇಲೆ ತಾವೇ ಒಂದು ಬಂಗುಡೆ ಎತ್ತಿ, ಕಿವಿರು ಬಿಡಿಸಿ ಕೆಂಪು ತೋರಿಸಿ, ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿದರು. ಒತ್ತಿದ ಜಾಗ ತಕ್ಷಣ ಮೇಲೆದ್ದಿತು. ಅವತ್ತಿನಿಂದ ನಾನು ಮೀನನ್ನು ನೋಡಿ ಅಡುಗೆ ಯೋಚಿಸುತ್ತೇನೆ.

ಹೀಗೆ ಮಾಡಬೇಕಾದರೆ ಮನೆಯಲ್ಲಿ ಕೆಲವು ಸಾಮಾನು ಯಾವತ್ತೂ ಇರಬೇಕು. ತೆಂಗಿನಕಾಯಿ, ಸಣ್ಣ ಈರುಳ್ಳಿ, ಗಾಂಧಾರಿ ಮೆಣಸು, ಹುರಿದು ಪುಡಿ ಮಾಡಿದ ಕೊತ್ತಂಬರಿ ಮತ್ತು ಕಾಳುಮೆಣಸು. ಒಂದು ಡಬ್ಬಿ ಒಣ ಸಿಗಡಿ. ಎಲ್ಲಕ್ಕಿಂತ ಮುಖ್ಯ ಹುಳಿ. ನನ್ನ ಹತ್ತಿರ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಮತ್ತು ಹುಣಸೆ ವರ್ಷವಿಡೀ ಇರುತ್ತವೆ. ಬೇಸಿಗೆಯಲ್ಲಿ ಕಾಡುಮಾವಿನಕಾಯಿ ಸೇರುತ್ತದೆ. ಇವತ್ತಿನ ಮೀನಿಗೆ ಯಾವ ಹುಳಿ ಅಂತ ತೀರ್ಮಾನವಾದರೆ ಅರ್ಧ ಅಡುಗೆ ಆದ ಹಾಗೆ. ಕೊಬ್ಬಿನ ಮೀನಿಗೆ ಕಾಚಂಪುಳಿ, ಕಾಣೆಯಂಥ ಬಿಳಿ ಮೀನಿಗೆ ತೆಂಗಿನಕಾಯಿ ಜೊತೆ ಹುಣಸೆ, ಸಿಗಡಿಗೆ ಮಾವಿನಕಾಯಿ. ಇದು ನನ್ನ ಲೆಕ್ಕ.

ನನಗೆ ತುಂಬಾ ಇಷ್ಟದ ಕಾಲ ಮಳೆ ಇಳಿದ ಮೇಲಿನ ಸೆಪ್ಟೆಂಬರ್, ಅಕ್ಟೋಬರ್. ಆಗ ಮತ್ತಿಯಲ್ಲಿ ಕೊಬ್ಬು ತುಂಬಿರುತ್ತದೆ. ಮಂಗಳೂರಿನವರು ಬೂತಾಯಿ ಅನ್ನುವುದು ಇದಕ್ಕೇ. ಅರ್ಧ ಕೆಜಿ ಮತ್ತಿ ತೊಳೆದು, ಉಪ್ಪು ಅರಿಶಿನ ಸವರಿ ಫ್ರಿಜ್ಜಿನಲ್ಲಿ ಇಡುತ್ತೇನೆ. ಸಂಜೆ ಮಣ್ಣಿನ ಚಟ್ಟಿಯಲ್ಲಿ ತೆಂಗಿನೆಣ್ಣೆ ಬಿಸಿ ಮಾಡಿ, ಜಜ್ಜಿದ ಈರುಳ್ಳಿ, ಬೆಳ್ಳುಳ್ಳಿ, ನಾಲ್ಕೈದು ಗಾಂಧಾರಿ, ಕರಿಬೇವು ಬಾಡಿಸುತ್ತೇನೆ. ಎರಡು ಚಮಚ ಹುರಿದ ಪುಡಿ, ಒಂದು ಲೋಟ ನೀರು ಹಾಕಿ ಕುದಿ ಬಂದ ಮೇಲೆ ಮೀನು. ಮೀನು ಬಿದ್ದ ಮೇಲೆ ಸೌಟು ಹಾಕಲೇಬಾರದು. ಬಟ್ಟೆಯಲ್ಲಿ ಚಟ್ಟಿಯ ಎರಡೂ ಬದಿ ಹಿಡಿದು ಮೆಲ್ಲಗೆ ತಿರುಗಿಸಬೇಕು. ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಸಾಕು.

ಕೊನೆಗೆ ಒಂದೇ ಒಂದು ಟೀ ಚಮಚ ಕಾಚಂಪುಳಿ. ಉಪ್ಪಾಗೆ ಜಾತಿಯ ಹಣ್ಣನ್ನು ಮಳೆಗಾಲದಲ್ಲಿ ಬುಟ್ಟಿಯಲ್ಲಿ ಕೊಳೆಯಲು ಬಿಟ್ಟು, ತೊಟ್ಟಿಕ್ಕಿದ ರಸವನ್ನು ಕಪ್ಪಗೆ, ಗಟ್ಟಿಯಾಗುವವರೆಗೆ ಕುದಿಸಿದರೆ ಕಾಚಂಪುಳಿ. ಅದು ಬೀಳುತ್ತಿದ್ದ ಹಾಗೆ ಕಂದು ಬಣ್ಣದ ಸಾರು ಚಟ್ಟಿಯ ಅಂಚಿನಿಂದ ಕಪ್ಪಾಗುತ್ತಾ ಬರುತ್ತದೆ. ಮೇಲೆ ತೇಲುವ ಮೀನಿನ ಎಣ್ಣೆ ಮಾತ್ರ ಬಂಗಾರದ ಚುಕ್ಕಿಗಳ ಹಾಗೆ ಉಳಿಯುತ್ತದೆ. ಎರಡನೇ ಚಮಚ ಹಾಕುವ ಆಸೆ ಬರುತ್ತದೆ. ಬೇಡ, ಹಾಕಿದರೆ ಬಾಯಿ ಒಗರು. ಒಂದು ಗಂಟೆ ಮುಚ್ಚಿಟ್ಟು, ಆಮೇಲೆ ಬಿಸಿ ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ) ಜೊತೆ ತಿನ್ನಬೇಕು.

ಇದೇ ಕಾಲದಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದ್ದೆ. ಸಂತೆ ದಿನ ಬೆಳಿಗ್ಗೆಯೇ ಒಂದು ಕೆಜಿ ಬಂಗುಡೆ ಕೊಂಡು ಕಾರಿನಲ್ಲಿಟ್ಟೆ. ತರಕಾರಿ, ಬ್ಯಾಂಕು ಅಂತ ಓಡಾಡಿ ಬರುವಾಗ ಮೂರು ಗಂಟೆ ಕಳೆದಿತ್ತು. ಐಸ್ ಇರಲಿಲ್ಲ. ಮೀನು ನೋಡಲು ಚೆನ್ನಾಗಿಯೇ ಇತ್ತು, ವಾಸನೆಯೂ ಬಂದಿರಲಿಲ್ಲ. ರಾತ್ರಿ ಉಂಡ ಅರ್ಧ ಗಂಟೆಯಲ್ಲಿ ಮಗನ ಮುಖ ಕೆಂಪಾಯಿತು, ಮೈ ತುರಿಕೆ, ನನಗೆ ತಲೆ ಸಿಡಿತ. ಮೀನಿನ ಅಲರ್ಜಿ ಇರಬೇಕು ಅಂದುಕೊಂಡೆವು. ಡಾಕ್ಟರ್ ಬಿಡಿಸಿ ಹೇಳಿದರು. ಬಂಗುಡೆ, ಮತ್ತಿ, ಟ್ಯೂನ ಇಂಥ ಮೀನುಗಳು ಬೆಚ್ಚಗಿನ ಜಾಗದಲ್ಲಿ ಇದ್ದರೆ ಬ್ಯಾಕ್ಟೀರಿಯಾದಿಂದ ಹಿಸ್ಟಮಿನ್ ಜಾಸ್ತಿಯಾಗುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಅವತ್ತಿನಿಂದ ನನ್ನ ಕಾರಿನ ಡಿಕ್ಕಿಯಲ್ಲಿ ಒಂದು ಥರ್ಮೋಕೋಲ್ ಪೆಟ್ಟಿಗೆ ಇದೆ. ಮೀನನ್ನು ಕೊನೆಗೆ ಕೊಳ್ಳುತ್ತೇನೆ. ಘಾಟಿ ಹತ್ತಿ ಬಂದ ಮೀನು ಅದಾಗಲೇ ಎಷ್ಟೋ ಗಂಟೆ ಕಳೆದಿರುತ್ತದೆ. ನಮ್ಮ ಕೈಗೆ ಬಂದ ಮೇಲೂ ತಡ ಮಾಡಬಾರದು ಅಲ್ವಾ?

ಜೂನ್, ಜುಲೈ ಬಂದರೆ ಕಥೆಯೇ ಬೇರೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಕೇರಳದಲ್ಲಿ ಟ್ರಾಲರ್‌ಗಳಿಗೆ 52 ದಿನ ನಿಷೇಧ. ಮೀನು ಮರಿ ಮಾಡುವ ಕಾಲ, ಬಿಡಲೇಬೇಕು. ನಾಡದೋಣಿಯವರು ತಂದದ್ದು ಅಪರೂಪಕ್ಕೆ ಬಂದರೂ ಬೆಲೆ ಕೇಳಲಾಗುವುದಿಲ್ಲ. ಅದೂ ಅಲ್ಲದೆ ನಮ್ಮ ಕಡೆ ಗಾಳಿ ಮಳೆಗೆ ಕರೆಂಟು ಹೋದರೆ ದಿನಗಟ್ಟಲೆ ಬರುವುದಿಲ್ಲ. ಫ್ರಿಜ್ಜು ನಂಬಿ ಮೀನು ಇಡುವ ಹಾಗಿಲ್ಲ.

ಆಗ ಆ ಒಣ ಸಿಗಡಿ ಡಬ್ಬಿ ಇಳಿಸುತ್ತೇನೆ. 2018ರಲ್ಲಿ ಮಾಕುಟ್ಟದ ರಸ್ತೆಯೂ ಸಂಪಾಜೆ ರಸ್ತೆಯೂ ಕುಸಿದಾಗ ಈ ಡಬ್ಬಿಯೇ ನಮ್ಮ ಮನೆಯ ಸಮುದ್ರವಾಗಿತ್ತು. ತಲೆ, ಬಾಲ ಮುರಿದು, ಬಿಸಿ ಬಾಣಲೆಯಲ್ಲಿ ಗರಿಗರಿಯಾಗುವಷ್ಟು ಹುರಿದು, ಮರಳು ಹೋಗಲು ಎರಡು ಸಲ ತೊಳೆಯಬೇಕು. ಜೊತೆಗೆ ಆ ಹೊತ್ತಿಗೆ ತೋಟದಲ್ಲಿ ಸಿಕ್ಕಿದ್ದು. ಹಲಸಿನ ಬೀಜವೋ, ಕಣಿಲೆ ಅಂದರೆ ಎಳೆ ಬಿದಿರೋ. ಕಣಿಲೆಯನ್ನು ಸಣ್ಣಗೆ ಹೆಚ್ಚಿ, ದಿನಾ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ, ಕುದಿಸಿ ಆ ನೀರನ್ನೂ ಚೆಲ್ಲಬೇಕು. ಹಸಿಯದರಲ್ಲಿ ವಿಷದ ಅಂಶ ಇರುತ್ತದೆ. ಕಣಿಲೆಗೆ ತನ್ನದೇ ಹುಳಿ ಬಂದಿರುವುದರಿಂದ ನಾನು ಬೇರೆ ಹುಳಿ ಹಾಕುವುದಿಲ್ಲ. ಅತ್ತೆಗೆ ಇದು ಒಪ್ಪಿಗೆ ಇಲ್ಲ, ಅವರು ಸ್ವಲ್ಪ ಹುಣಸೆ ಕಿವುಚುತ್ತಾರೆ. ಕೆಲವು ರಾತ್ರಿ ಯಜಮಾನರು ಟಾರ್ಚ್ ಹಿಡಿದು ಗದ್ದೆಗೆ ಹೋಗಿ ಏಡಿ ತರುತ್ತಾರೆ. ಅದು ಕಡಲಿನದಲ್ಲ, ಆದರೆ ಆ ಎರಡು ತಿಂಗಳು ಅದೂ ನಮ್ಮ ಲೆಕ್ಕದಲ್ಲಿ ಸೇರುತ್ತದೆ. ಚಿಪ್ಪು ಪೂರ್ತಿ ಕೆಂಪಾಗಿ ಒಳಗೆಲ್ಲ ಬೇಯುವವರೆಗೆ ಇಳಿಸಬಾರದು.

ಏಪ್ರಿಲ್, ಮೇ ತಿಂಗಳ ಸಿಗಡಿ–ಮಾವಿನಕಾಯಿ ಸುಲಭದ ಕೆಲಸ. ಮಾವಿನಕಾಯಿ ಬೆಂದ ಮೇಲೆ ಸಿಗಡಿ ಹಾಕಿ, ಅದು ಸುರುಳಿಯಾಗುತ್ತಿದ್ದ ಹಾಗೆ ಇಳಿಸಿದರೆ ಮುಗಿಯಿತು.

ಮೊನ್ನೆ ಇಕ್ಕ ಫೋನ್ ಮಾಡಿ, "ಅಕ್ಕಾ, ಕೂಂದಲ್ ಉಂಟು, ಸಣ್ಣದು, ಎತ್ತಿಡಲಾ?" ಅಂದರು. ಕೂಂದಲ್ ಅಂದರೆ ಬೊಂಡಾಸ್, ಇಂಗ್ಲಿಷಿನ ಸ್ಕ್ವಿಡ್. ಕಾಫಿ ಕೊಯ್ಲು ಶುರುವಾಗಿದೆ, ಸಂಜೆ ಎಲ್ಲರೂ ದಣಿದಿರುತ್ತಾರೆ. ಎತ್ತಿಡಿ ಅಂದೆ. ಹೊರಗೆ ಬಂದು ನೋಡಿದರೆ ಸಿಲ್ವರ್ ಮರಕ್ಕೆ ಹಬ್ಬಿದ ಬಳ್ಳಿಯಲ್ಲಿ ಕಾಳುಮೆಣಸು ಇನ್ನೂ ಹಸಿರಾಗಿತ್ತು. ನಾಲ್ಕು ಗೊನೆ ಕಿತ್ತು, ಬೆಳ್ಳುಳ್ಳಿ ಜೊತೆ ಕುಟ್ಟಿಟ್ಟೆ. ಬಾಣಲೆ ಹೊಗೆಯಾಡುವಷ್ಟು ಕಾದ ಮೇಲೆ ಬೊಂಡಾಸ್ ಬಳೆಗಳನ್ನು ಹಾಕಿ ಎರಡೇ ನಿಮಿಷ ಹುರಿದೆ. ಅದಕ್ಕಿಂತ ಜಾಸ್ತಿ ಬಿಟ್ಟರೆ ರಬ್ಬರ್. ಹಸಿ ಕಾಳುಮೆಣಸಿನ ಘಾಟು ವಾಸನೆಗೆ ಅಡುಗೆಮನೆಯಲ್ಲಿದ್ದವರೆಲ್ಲ ಕೆಮ್ಮಿದರು. ಮಗ ಮಾತ್ರ ತಟ್ಟೆ ಹಿಡಿದು ಒಲೆಯ ಪಕ್ಕದಲ್ಲೇ ನಿಂತಿದ್ದ.