ಕಳೆದುಹೋದ ಕ್ಷಣವನ್ನು ನೋಡುತ್ತಾ ಗಾಡಿ ಓಡಿಸುವುದು ಹೇಗೆ?

ಚಂದ್ರನ ಮೇಲೆ ಓಡಾಡುವ ಪುಟ್ಟ ಗಾಡಿ, ಅಂದರೆ ರೋವರಿಗೆ ‘ನಿಲ್ಲು’ ಎಂದರೆ, ಅದು ನಿಂತ ಸುದ್ದಿ ಬೆಂಗಳೂರಿಗೆ ತಲುಪಲು ಸುಮಾರು ಎರಡೂವರೆ ಸೆಕೆಂಡು ಬೇಕು. ರೇಡಿಯೊ ಅಲೆ ಹೋಗಿಬರುವ ಹೊತ್ತು ಅದು. ಎಷ್ಟು ದುಡ್ಡು ಸುರಿದರೂ ಕಡಿಮೆಯಾಗದು. ಈ ಪೇಚಾಟದ ರುಚಿ ಬೇಕಿದ್ದರೆ ಆಟಿಕೆಯ ರಿಮೋಟ್ ಕಾರಿಗೆ ಹಳೆಯ ಮೊಬೈಲ್ ಕಟ್ಟಿ, ಪಕ್ಕದ ಕೋಣೆಯಲ್ಲಿ ಕೂತು, ವಿಡಿಯೊ ಕರೆ ನೋಡುತ್ತಾ ಓಡಿಸಿ.

ಮೊದಲು ವಿಳಂಬವನ್ನು ಅಳೆಯಿರಿ. ಕಾರಿನ ಮೊಬೈಲಿನ ಮುಂದೆ ಸ್ಟಾಪ್‌ವಾಚ್ ಹಿಡಿದು, ಅದನ್ನೂ ನಿಮ್ಮ ಪರದೆಯಲ್ಲಿ ಕಾಣುವ ಅದರ ಚಿತ್ರವನ್ನೂ ಒಂದೇ ಫೋಟೊದಲ್ಲಿ ತೆಗೆಯಿರಿ. ಎರಡು ಅಂಕಿಗಳ ಅಂತರವನ್ನು ವೇಗದಿಂದ ಗುಣಿಸಿ. ಅರ್ಧ ಸೆಕೆಂಡು ತಡ, ಸೆಕೆಂಡಿಗೆ 1 ಮೀಟರ್ ವೇಗ ಎಂದರೆ ಕಾರು ಅರ್ಧ ಮೀಟರ್ ಕುರುಡಾಗಿ ಓಡುತ್ತದೆ. ಚಂದ್ರಯಾನ-3ರ ಪ್ರಜ್ಞಾನ್ ಸೆಕೆಂಡಿಗೆ 1 ಸೆಂಟಿಮೀಟರ್ ಮಾತ್ರ ತೆವಳುತ್ತಿತ್ತು. ಆಮೆಗತಿ ಎಂದು ನಗುವವರು ಇದೇ ಗುಣಾಕಾರ ಮಾಡಿ ನೋಡಲಿ: ಮೂರು ಸೆಂಟಿಮೀಟರೂ ಆಗುವುದಿಲ್ಲ.

ಇನ್ನು ಕೈಯ ಚಪಲ. ಕುರ್ಚಿಯ ಕಾಲು ಕಂಡಿತೆಂದು ನಾನು ಎಡಕ್ಕೆ ತಿರುಗಿಸಿದೆ. ಪರದೆಯಲ್ಲಿ ಏನೂ ಆಗಲಿಲ್ಲ. ಇನ್ನಷ್ಟು ತಿರುಗಿಸಿದೆ. ಎರಡೂ ಒಟ್ಟಿಗೆ ಫಲಿಸಿ ಕಾರು ಗೋಡೆಗೆ ಬಡಿಯಿತು. ಸ್ವಲ್ಪ ಚಲಿಸಿ, ಕೈ ತೆಗೆದು, ಚಿತ್ರ ಬರುವವರೆಗೆ ಕಾಯಿರಿ. 1960ರ ದಶಕದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿಲಿಯಂ ಫೆರೆಲ್ ಮತ್ತು ಥಾಮಸ್ ಶೆರಿಡನ್ ನಡೆಸಿದ ಪ್ರಯೋಗಗಳಲ್ಲಿ, ತಡವಾಗಿ ಸ್ಪಂದಿಸುವ ಯಂತ್ರದ ಕೈಯನ್ನು ದೂರದಿಂದ ನಡೆಸಿದವರೆಲ್ಲ ತಾವಾಗಿಯೇ ಇದೇ ದಾರಿಗೆ ಬಂದಿದ್ದರು.

ಅದಕ್ಕಿಂತ ಜಾಣತನದ ದಾರಿಯೆಂದರೆ ಸ್ಟೀರಿಂಗ್ ಕೈಬಿಟ್ಟು, ತಲುಪಬೇಕಾದ ಜಾಗವನ್ನಷ್ಟೇ ಹೇಳುವುದು. ಪ್ರಜ್ಞಾನ್ ತೆಗೆದ ಚಿತ್ರಗಳು ಅದನ್ನು ಹೊತ್ತು ಇಳಿದಿದ್ದ ವಿಕ್ರಮ್ ಲ್ಯಾಂಡರ್ ಮೂಲಕ ಭೂಮಿಗೆ ಬರುತ್ತಿದ್ದವು. ಅವುಗಳಿಂದ ನೆಲದ ಉಬ್ಬುತಗ್ಗಿನ ನಕ್ಷೆ ಮಾಡಿ, ದಾರಿ ಗೊತ್ತುಮಾಡಿ, ಆದೇಶ ಕಳಿಸುತ್ತಿದ್ದರು. ಕ್ಯಾಮೆರಾಗೆ ಕಾಣುವುದು 5 ಮೀಟರ್, ಹಾಗಾಗಿ ಒಂದು ಆದೇಶಕ್ಕೆ ಹೆಚ್ಚೆಂದರೆ 5 ಮೀಟರ್ ನಡಿಗೆ. ನಿಜವಾಗಿ ಹೊತ್ತು ತಿನ್ನುತ್ತಿದ್ದದ್ದು ಬೆಳಕಿನ ವೇಗವಲ್ಲ, ಈ ಲೆಕ್ಕಾಚಾರ. 2023ರ ಆಗಸ್ಟ್ 27ರಂದು 4 ಮೀಟರ್ ಅಗಲದ ಕುಳಿ ಎದುರಾದಾಗ ರೋವರ್ ಅದರಿಂದ 3 ಮೀಟರ್ ದೂರದಲ್ಲಿತ್ತು. ಬಂದ ದಾರಿಯಲ್ಲೇ ಹಿಂದಿರುಗುವಂತೆ ಆದೇಶಿಸಲು ಬೇಕಾದಷ್ಟು ಸಮಯವಿತ್ತು.

ಮಂಗಳದಲ್ಲಾದರೆ ಒಂದು ಕಡೆಯ ವಿಳಂಬವೇ 3ರಿಂದ 22 ನಿಮಿಷ. ಅಲ್ಲಿ ಕಲ್ಲು ಕಂಡರೆ ತಪ್ಪಿಸಿಕೊಳ್ಳುವ ಬುದ್ಧಿ ರೋವರಿಗೇ ಇರಬೇಕು.

ನಿಮ್ಮ ಕಾರಿಗೆ ಅಷ್ಟು ಬೇಡ. ಸಂಪರ್ಕ ಕಡಿದಾಗ ನಿಂತರೆ ಸಾಕು. ಅದನ್ನು ಎತ್ತಿ ಹಿಡಿದು, ಚಕ್ರ ತಿರುಗುತ್ತಿರುವಾಗ ರಿಮೋಟ್ ಆಫ್ ಮಾಡಿ. ಚಕ್ರ ತಿರುಗುತ್ತಲೇ ಇದ್ದರೆ, ಮಹಡಿ ಮೆಟ್ಟಿಲ ಹತ್ತಿರ ಆ ಕಾರನ್ನು ಬಿಡಬೇಡಿ.